ನೆಂಟ ಬಾರದ ರೆಕಾರ್ಡು

ಕೂತು ಕೇಳುವುದಕ್ಕೆ ಸಂಬಳ ಕೊಡುತ್ತಾರೆಂದರೆ ಯಾರು ತಾನೇ ನಂಬುತ್ತಾರೆ? ಆಕೆಯ ಅತ್ತೆಯಂತೂ ನಂಬಲಿಲ್ಲ. ಮದುವೆಯಾದ ಹೊಸದರಲ್ಲಿ ಸೊಸೆಯನ್ನು ಅಡುಗೆಮನೆ ಬಾಗಿಲಲ್ಲಿ ತಡೆದು ನಿಲ್ಲಿಸಿ ವಿಚಾರಣೆ ಶುರು ಮಾಡಿದಳು.

"ಫ್ಯಾಕ್ಟ್ರೀಲಿ ಏನು ಮಾಡ್ತೀಯೇ ನೀನು?"

"ರೆಕಾರ್ಡು ಕೇಳ್ತೀನಿ ಅತ್ತೆ."

"ಅದು ಸರಿ. ಬಿಡುವಿದ್ದಾಗ ಎಲ್ಲರೂ ಕೇಳ್ತಾರೆ. ಕೆಲಸ ಏನು ಮಾಡ್ತೀಯ ಅಂದೆ."

"ಅದೇ ಕೆಲಸ ಅತ್ತೆ."

ಅತ್ತೆ ಮಗನ ಮುಖ ನೋಡಿದಳು. ಸಿಟಿ ಬಸ್ಸಿನ ಡ್ರೈವರಾದ ಮಗ, ದಿನವಿಡೀ ಹಾರ್ನು ಕೇಳಿ ಬಂದವನು, "ನನ್ನ ಕೇಳಬೇಡಮ್ಮ" ಎಂದು ಮುಖ ತಿರುಗಿಸಿದ.

ಆದರೆ ಸೊಸೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಊರಾಚೆಯ ರಸ್ತೆಯಲ್ಲಿ, ಟೈರು ಗೋದಾಮಿಗೂ ಬಣ್ಣದಂಗಡಿಗೂ ನಡುವೆ, ಹಗಲಿಡೀ ಆವಿ ಬಿಡುತ್ತಾ ನಿಂತ ಉದ್ದನೆಯ ಶೆಡ್ಡೊಂದಿತ್ತು. ಅದು ರೆಕಾರ್ಡು ಒತ್ತುವ ಕಾರ್ಖಾನೆ. ಕರಿ ಪ್ಲಾಸ್ಟಿಕ್ಕಿನ ಕಾಳು ಅಲ್ಲಿ ಕರಗಿ, ಮುದ್ದೆಯಾಗಿ, ಪ್ರೆಸ್ಸಿನ ಬಾಯಿಗೆ ಬೀಳುತ್ತಿತ್ತು. ಮೇಲಿನಿಂದೊಂದು ಕೆಳಗಿನಿಂದೊಂದು ಲೋಹದ ಅಚ್ಚು ಬಂದು ಅದನ್ನು ಹಿಸುಕಿ, ತಟ್ಟೆ ಮಾಡಿ, ಎರಡೂ ಮುಖಕ್ಕೆ ಹಾಡು ಮೂಡಿಸಿ ಆಚೆ ತಳ್ಳುತ್ತಿದ್ದವು. ಶೆಡ್ಡಿನ ತುದಿಯಲ್ಲಿ, ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದ ಒಂದು ಪುಟ್ಟ ಕೋಣೆ. ಅಲ್ಲೊಂದು ಮೇಜು, ಒಂದು ಪ್ಲೇಯರು, ಹೆಡ್‌ಫೋನು, ಮತ್ತು ಕೈಯಿಟ್ಟಲ್ಲಿ ಬಟ್ಟೆ ಸವೆದು ನುಣ್ಣಗಾದ ಒಂದು ಕುರ್ಚಿ. ಆ ಕುರ್ಚಿ ಈಕೆಯದು. ಹೊಸ ಅಚ್ಚಿನಿಂದ ಬಂದ ಮೊದಲ ರೆಕಾರ್ಡುಗಳನ್ನು ಈಕೆ ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ತಪ್ಪಿಲ್ಲದಿದ್ದರೆ ಹಸಿರು ಚೀಟಿ, ಇದ್ದರೆ ಕೆಂಪು ಚೀಟಿ. ಕೆಂಪು ಚೀಟಿ ಬಿದ್ದರೆ ಪ್ರೆಸ್ಸು ನಿಂತ ಹಾಗೆಯೇ. ಅದಕ್ಕೇ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಕಿವಿಯಕ್ಕ ಎನ್ನುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಆಕೆಗೆ ಕೆಲಸ ಕಲಿಸಿದವನು ಹತ್ತಿ ತಾತ. ಬೀದಿಯಲ್ಲಿ ನಡೆಯುವಾಗ ಕಿವಿ ಹಾಳಾದೀತೆಂದು ಹತ್ತಿ ತುರುಕಿಕೊಂಡು, ಕೋಣೆಗೆ ಬಂದ ಮೇಲಷ್ಟೇ ತೆಗೆಯುತ್ತಿದ್ದ ಮುದುಕ. ಮೊದಲ ದಿನವೇ ಪಾಠ ಹೇಳಿದ್ದ.

"ಹಾಡಿನ ಹಿಂದೆ ಬೀಳಬೇಡ ಮಗಳೇ. ಹಾಡು ಅಂದ್ರೆ ಮನೆ ಮುಂದೆ ಹೋಗೋ ಮೆರವಣಿಗೆ ಇದ್ದ ಹಾಗೆ. ನೀನು ಬಾಯಿ ಬಿಟ್ಕೊಂಡು ನೋಡ್ತಾ ನಿಂತ್ರೆ ಹಿಂಬಾಗಿಲಲ್ಲಿ ಕಳ್ಳ ನುಗ್ಗಿರ್ತಾನೆ. ಮೆರವಣಿಗೆ ಅದರ ಪಾಡಿಗೆ ಹೋಗ್ಲಿ. ನೀನು ಹಿಂಬಾಗಿಲು ಕಾಯಿ."

ಆಕೆ ಹಿಂಬಾಗಿಲು ಕಾಯ್ದಳು. ಧೂಳಿನ ಕಣ ಚಿಟಚಿಟ ಎನ್ನುವುದು, ಗೀರೊಂದು ಸುತ್ತಿಗೊಮ್ಮೆ ಟಿಕ್ ಎನ್ನುವುದು, ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಬಿದ್ದು ಹಾಡು ಕುಡಿದವರಂತೆ ತೂಗಾಡುವುದು, ಎಲ್ಲವೂ ಆಕೆಗೆ ಅಂಗೈಯ ಗೆರೆಯಷ್ಟು ಪರಿಚಿತವಾದವು. ಹಾಡು ಮಾತ್ರ ಒಂದೂ ತಲೆಗೆ ಹತ್ತಲಿಲ್ಲ. ಗಂಡ ಯಾವುದೋ ರಾಗ ಗುನುಗುತ್ತಾ, "ಇದು ನಿಮ್ಮಲ್ಲೇ ಒತ್ತಿದ್ದಲ್ವೇನೇ?" ಎಂದರೆ, "ಗೊತ್ತಿಲ್ಲ ರೀ. ಹಸಿರು ಕವರಿನದಾದ್ರೆ ಎರಡನೇ ಮುಖದಲ್ಲಿ ಸ್ವಲ್ಪ ಸುಯ್ ಅನ್ನುತ್ತೆ" ಎನ್ನುತ್ತಿದ್ದಳು.

ಇಂಥವಳ ಬದುಕಿಗೆ ಗುಡುಗಿನವರು ಬಂದರು.

ಗುಡುಗಿನವರೆಂದರೆ ಒಂದು ಹಾರ್ಡ್ ರಾಕ್ ಬ್ಯಾಂಡು. ಗಿಟಾರು ಕರೆಂಟು ಹೊಡೆದಂತೆ ಕಿರುಚಬೇಕು, ಡ್ರಮ್ಮು ಎದೆಗೇ ಗುದ್ದಬೇಕು, ಹಾಡುವವನ ಗಂಟಲಿನ ನರ ಪಕ್ಕದ ಬೀದಿಗೂ ಕಾಣಬೇಕು. ಇದು ಅವರ ಸಂಗೀತ. ಅವರಿಗೆ ತಕ್ಕ ಇಂಗ್ಲಿಷ್ ಹೆಸರೊಂದಿತ್ತು. ಕಾರ್ಖಾನೆಯಲ್ಲಿ ಅದು ಯಾರ ನಾಲಿಗೆಗೂ ಒಗ್ಗದೆ ಗುಡುಗಿನವರು ಎಂದಾಯಿತು. ರೆಕಾರ್ಡುಗಳಿಗೂ ಅಷ್ಟೇ, ಕವರಿನ ಮೇಲಿದ್ದ ಚಿತ್ರವೇ ಹೆಸರು. ಮೊದಲನೆಯದರ ಮೇಲೆ ತುಕ್ಕು ಹಿಡಿದ ಬೀಗ. ಹಾಗಾಗಿ ಅದು ಬೀಗದ ರೆಕಾರ್ಡು.

ಬೀಗದ ರೆಕಾರ್ಡು ಬಂದಾಗ ಆಕೆ ಇನ್ನೂ ಹೊಸಬಳು. ಮೊದಲ ಮುಖದ ಕೊನೆಯ ಹಾಡು ಮುಗಿಯಿತು. ಡ್ರಮ್ಮಿನ ಕಡೆಯ ಪೆಟ್ಟು ಬಿತ್ತು, ಕಂಚಿನ ತಟ್ಟೆಯ ನಾದ ಜೇನಿನ ಎಳೆಯಂತೆ ತೆಳ್ಳಗಾಗುತ್ತಾ ಹೋಗಿ ಹರಿಯಿತು. ಮೌನ. ಆ ಮೌನದೊಳಗೆ, ಮುಳ್ಳು ಓಡುವ ಗೆರೆ ಮುಗಿಯುವುದಕ್ಕೆ ತುಸು ಮುಂಚೆ:

ಕಿರ್ರ್… ಟಕ್.

ಕಳ್ಳ ಸಿಕ್ಕಿಬಿದ್ದ! ಆಕೆ ಕೆಂಪು ಚೀಟಿ ಅಂಟಿಸಿದಳು. ಪ್ರೆಸ್ಸು ನಿಂತಿತು. ಪ್ರೆಸ್ಸಿನ ಮೇಸ್ತ್ರಿ, ಆಗಿನ್ನೂ ತಲೆತುಂಬ ಕೂದಲಿದ್ದವನು, ಓಡಿ ಬಂದ. "ಏನಕ್ಕಾ, ಬಂದು ತಿಂಗಳಾಗಿಲ್ಲ, ಆಗಲೇ ನಮ್ಮ ಹೊಟ್ಟೆ ಮೇಲೆ ಹೊಡೀತೀಯ?" ಹತ್ತಿ ತಾತ ಬೇರೆ ಬೇರೆ ಅಚ್ಚಿನಿಂದ ಬಂದ ಒಂದೊಂದು ರೆಕಾರ್ಡು ತರಿಸಿ, ಎಲ್ಲದರ ಕೊನೆಯನ್ನೂ ಕೇಳಿ, ಹೆಡ್‌ಫೋನು ಕೆಳಗಿಟ್ಟ.

"ತಪ್ಪು ನಮ್ಮದಾದ್ರೆ ಒಂದು ಅಚ್ಚಿನಲ್ಲಿ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ಇದು ಎಲ್ಲದರಲ್ಲೂ ಇದೆ. ಅಂದ್ರೆ ಬ್ಯಾಂಡಿನೋರು ಹಾಡು ತುಂಬಿ ಕಳಿಸಿದ ಟೇಪಿನಲ್ಲೇ ಇದೆ. ಅವರ ಮನೆ ಸದ್ದು ಮಗಳೇ, ನಮಗೇನು? ಹಸಿರು ಹಾಕು."

"ಏನು ಸದ್ದು ತಾತಾ ಅದು?"

"ಅದನ್ನ ವಿಚಾರಿಸೋದು ನಮ್ಮ ಕೆಲಸ ಅಲ್ಲ."

ಕೆಲಸವಲ್ಲ, ಒಪ್ಪಿದಳು. ಆದರೆ ಹಲ್ಲಿನ ಸಂದಿಗೆ ಸಿಕ್ಕಿದ ನಾರನ್ನು ನಾಲಿಗೆ ಸುಮ್ಮನೆ ಬಿಡುತ್ತದೆಯೇ? ಆ ಸಂಜೆ ಮನೆಯಲ್ಲಿ ಅದೇ ಮಾತು. ಅತ್ತೆಗೆ ಅಂದೇ ಮೊದಲ ಸಲ ಸೊಸೆಯ ಕೆಲಸ ಕೆಲಸವೆನಿಸಿತು.

"ಇಲಿ ಇರಬೇಕು ಕಣೇ. ಅಷ್ಟು ಗಲಾಟೆ ಮಾಡಿದ್ರೆ ಪಾಪ, ಹಾಡು ನಿಂತ ಮೇಲೇ ತಾನೇ ಅದು ಹೊರಗೆ ಬರೋದು?"

"ಇಲಿಗೆ ಟಕ್ ಅನ್ನಕ್ಕೆ ಬರುತ್ತಾ ಅತ್ತೆ?"

ಗಂಡ ಪೇಪರಿನ ಹಿಂದಿನಿಂದಲೇ ಅಂದ: "ಕೀಲು. ಎಣ್ಣೆ ಕಾಣದ ಕೀಲು. ನನ್ನ ಬಸ್ಸಿನ ಹಿಂದಿನ ಬಾಗಿಲು ಹೀಗೇ ಅಳುತ್ತೆ."

"ಹಾಡೋ ಜಾಗಕ್ಕೆ ಬಸ್ಸು ತಂದು ನಿಲ್ಲಿಸಿದ್ರೇನೋ ಹಾಗಾದ್ರೆ!" ಅತ್ತೆ ಮಗನ ಬಾಯಿ ಮುಚ್ಚಿಸಿ ಸೊಸೆಯ ಕಡೆ ತಿರುಗಿದಳು. "ಯಾರಾದ್ರೂ ಆಗ್ಲಿ ಬಿಡು. ಹೇಳ್ದೆ ಕೇಳ್ದೆ, ಎಲ್ಲ ಮುಗಿದ ಮೇಲೆ ಬಂದು ಕೂತ್ನಲ್ಲ, ನೆಂಟ ಅವನು."

ಅಂದಿನಿಂದ ಅದಕ್ಕೆ ನೆಂಟ ಎಂದೇ ಹೆಸರಾಯಿತು.

ಎರಡನೆಯದು ಕುದುರೆಯ ರೆಕಾರ್ಡು. ಮೆಟ್ಟಿಲು ಹತ್ತುತ್ತಿರುವ ಬಿಳಿ ಕುದುರೆ ಅದರ ಕವರಿನ ಮೇಲೆ. ಅದು ಊರೂರಿಗೆ ಹಬ್ಬಿ, ಹರೆಯದವರ ಕೋಣೆ ಕೋಣೆಗೆ ನುಗ್ಗಿ, ಪ್ರೆಸ್ಸುಗಳು ಉಸಿರು ಬಿಡದಂತೆ ಓಡಿದವು. ಆಕೆ ಆಗ ಬಸುರಿ. ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು. ಕೂಸನ್ನೂ ತಾಳವನ್ನೂ ಪಕ್ಕಕ್ಕೆ ಸರಿಸಿ ಆಕೆ ಹಿಂಬಾಗಿಲು ಕಾದಳು. ಈ ಸಲ ನೆಂಟ ಎರಡನೆಯ ಮುಖದ ನಡುವಿನಲ್ಲಿ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಬಂದ. ಅದೇ ಕಿರ್ರ್, ಅದೇ ಟಕ್. ಮನೆಗೆ ಹೋಗಿ, "ಅತ್ತೆ, ಬಂದ!" ಎಂದಳು. "ಕೈಯಲ್ಲಿ ಏನಾದ್ರೂ ತಂದಿದ್ನಾ?" ಎಂದಳು ಅತ್ತೆ.

ಮೂರನೆಯದನ್ನು ಜನರ ಮುಂದೆ ನುಡಿಸುವಾಗಲೇ ಟೇಪಿಗೆ ಹಿಡಿದಿದ್ದರು. ಸಾವಿರಾರು ಜನರ ಕೂಗು, ಸೀಟಿ, ಚಪ್ಪಾಳೆ. ಅದರಲ್ಲಿ ನೆಂಟನನ್ನು ಹುಡುಕುವುದೆಂದರೆ ಸಂಜೆಯ ಬಸ್ ನಿಲ್ದಾಣದಲ್ಲಿ ಕಳೆದ ಮಗುವನ್ನು ಹುಡುಕಿದ ಹಾಗೆ. ಆದರೂ ಸಿಕ್ಕಿದ. ಹಾಡುವವನು ಜನರಿಗೆ ಏನೋ ಹೇಳಲು ಉಸಿರೆಳೆದುಕೊಂಡ ಗಳಿಗೆಯಲ್ಲಿ, ಆ ಉಸಿರಿನ ಹಿಂದೆ ಅಡಗಿ ಕೂತಿದ್ದ. ಆಮೇಲೆ ಬಂತು ಪಿಟೀಲಿನ ರೆಕಾರ್ಡು. ಗುಡುಗಿನವರು ಇದ್ದಕ್ಕಿದ್ದಂತೆ ಮೆತ್ತಗಾಗಿ ಪಿಟೀಲಿನವರನ್ನು ಕೂರಿಸಿಕೊಂಡು ಹಾಡಿದರು. ಅಭಿಮಾನಿಗಳು ಬಾಯಿಗೆ ಬಂದಂತೆ ಬೈದರು. ಕೊಂಡವರಿಲ್ಲದೆ ರೆಕಾರ್ಡುಗಳು ಮರಳಿ ಬಂದು ಶೆಡ್ಡಿನಲ್ಲಿ ಧೂಳು ತಿಂದವು. ಕಿವಿಯಕ್ಕನಿಗೆ ಮಾತ್ರ ಅದರಷ್ಟು ಒಳ್ಳೆಯ ರೆಕಾರ್ಡು ಇನ್ನೊಂದಿಲ್ಲ. ಮೆಲುದನಿಯ ಹಾಡುಗಳಲ್ಲವೇ, ನೆಂಟ ಪ್ರತಿ ಹಾಡಿನ ಕೊನೆಗೂ ನಿಚ್ಚಳವಾಗಿ ಬಂದು ಹೋಗುತ್ತಿದ್ದ.

ಐದನೆಯದರ ಹೊತ್ತಿಗೆ ಅವರೊಳಗೆ ಜಗಳ. ಹಾಡುವವನು ಬಿಟ್ಟು ಹೋಗಿ ಬೇರೊಬ್ಬ ಬಂದಿದ್ದ. "ಇದು ಆ ಬ್ಯಾಂಡೇ ಅಲ್ಲ ಅಂತಾರೆ ಎಲ್ಲರೂ" ಎಂದ ಮೇಸ್ತ್ರಿ. ಆಕೆ ಕೊನೆಯವರೆಗೂ ಕೇಳಿ, ಹಸಿರು ಚೀಟಿ ಅಂಟಿಸಿ ಹೇಳಿದಳು: "ಅದೇ ಬ್ಯಾಂಡು ಮೇಸ್ತ್ರಿ. ಹಾಡೋನು ಯಾರಾದ್ರೇನು, ನೆಂಟ ಬಂದಿದ್ದಾನೆ."

ಇವೆಲ್ಲದರ ಒಂದೊಂದು ಕವರು ಆಕೆಯ ಮನೆ ಸೇರಿತ್ತು. ರೆಕಾರ್ಡಲ್ಲ, ಅಂಚು ಹರಿದು ಬಿಸಾಡಿದ ಬರೀ ಕವರು. ಅತ್ತೆ ಕನ್ನಡಕ ಏರಿಸಿ ಅವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಎಲ್ಲ ಕವರಿನ ಹಿಂಬದಿಯಲ್ಲೂ ನಾಲ್ವರ ಫೋಟೋ. "ಈ ದಪ್ಪ ಮೀಸೆಯೋನು ನೋಡೇ, ಯಾವ ಫೋಟೋದಲ್ಲೂ ಎದ್ದು ನಿಂತಿಲ್ಲ. ಒಂದರಲ್ಲಿ ಕುರ್ಚಿ, ಒಂದರಲ್ಲಿ ಮೆಟ್ಟಿಲು, ಒಂದರಲ್ಲಿ ಕಾರಿನ ಮೂತಿ ಮೇಲೆ ಕೂತಿದ್ದಾನೆ. ಎಂಥ ಸೋಮಾರಿ!"

"ಅವನು ಡ್ರಮ್ಮಿನೋನು ಅತ್ತೆ. ಕೂತೇ ಬಾರಿಸೋದು."

"ಫೋಟೋಕ್ಕಾದ್ರೂ ಎದ್ದು ನಿಲ್ಲಬಾರದಾ?"

ಆಮೇಲೆ ಕಾಲ ಮಗ್ಗುಲು ಬದಲಿಸಿತು. ಕ್ಯಾಸೆಟ್ಟು ಬಂತು, ಸಿ.ಡಿ. ಬಂತು. ಗುಡುಗಿನವರು ಚದುರಿ ಹೋದರು. ಪ್ರೆಸ್ಸುಗಳ ಮೇಲೆ ತಾಡಪಾಲು ಬಿತ್ತು. ಕಾರ್ಖಾನೆ ರಟ್ಟಿನ ಡಬ್ಬಿ ಮಾಡಿ ಹೊಟ್ಟೆ ಹೊರೆದುಕೊಂಡಿತು. ಕಿವಿಯಕ್ಕನೂ ರಟ್ಟು ಮಡಚಿದಳು. ಆ ವರ್ಷಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ರಟ್ಟು ಕಿವಿಗೆ ಏನನ್ನೂ ಹೇಳುವುದಿಲ್ಲ. ಮಗಳು ಬೆಳೆದು ತನ್ನ ಮನೆಗೆ ಹೋದಳು. ಅತ್ತೆಗೆ ವಯಸ್ಸಾಗಿ ಅಡುಗೆಮನೆಯ ಅಧಿಕಾರ ಬಿಟ್ಟರೂ ವಿಚಾರಣೆಯ ಅಧಿಕಾರ ಬಿಡಲಿಲ್ಲ.

ಆಮೇಲೆ, ಯಾರೂ ನೆನೆಸದಿದ್ದಾಗ, ಜನಕ್ಕೆ ಮತ್ತೆ ಕರಿ ರೆಕಾರ್ಡಿನ ಹುಚ್ಚು ಹಿಡಿಯಿತು. ತಾಡಪಾಲು ಸರಿಯಿತು, ಆವಿ ಎದ್ದಿತು. ಕಂಬಳಿ ಕೋಣೆಯ ಬೀಗ ತೆಗೆದು, ಧೂಳು ಕೊಡವಿ, ಆಕೆ ತನ್ನ ಕುರ್ಚಿಯಲ್ಲಿ ಕೂತಾಗ ಮೈಯಲ್ಲಿ ಬಿಟ್ಟುಹೋಗಿದ್ದ ಯಾವುದೋ ಎಲುಬು ಮರಳಿ ಜಾಗಕ್ಕೆ ಕೂತಂತಾಯಿತು. ಗುಡುಗಿನವರ ಹಳೆಯ ರೆಕಾರ್ಡುಗಳನ್ನು ಮರು ಒತ್ತಿದರು. ಒಂದೊಂದರಲ್ಲೂ ನೆಂಟ ತನ್ನ ಜಾಗದಲ್ಲೇ ಕಾದಿದ್ದ.

ಹೀಗಿರುವಾಗ ಕಾರ್ಖಾನೆಗೆ ಕಿವಿ ಡಾಕ್ಟರು ಬಂದರು. ಎಲ್ಲರ ಕಿವಿಗೂ ಹೆಡ್‌ಫೋನು ಹಾಕಿ, "ಸದ್ದು ಬಂದಾಗ ಬೆರಳೆತ್ತಿ" ಎಂದರು. ಪ್ರೆಸ್ಸಿನ ಪಕ್ಕ ಆಯುಸ್ಸು ಸವೆಸಿದ ಮೇಸ್ತ್ರಿ ಬೆರಳೆತ್ತಿದ್ದಕ್ಕಿಂತ ಎತ್ತದೇ ಇದ್ದದ್ದೇ ಹೆಚ್ಚು, ಅವನಿಗದು ಲೆಕ್ಕಕ್ಕಿಲ್ಲ. ಕಿವಿಯಕ್ಕನ ಸರದಿ ಬಂದಾಗ ಡಾಕ್ಟರು ಕಾಗದ ನೋಡಿ, "ಮೇಲಿನ ಸ್ಥಾಯಿಯ ಸಣ್ಣ ಸದ್ದುಗಳಿಗೆ ನಿಮ್ಮ ಕಿವಿ ಸವೆದಿದೆಯಮ್ಮ. ವಯಸ್ಸಿಗೆ ಸಹಜ" ಎಂದರು. ಬೇರೆಯವರಿಗೆ ಸಹಜ. ಕಿವಿಯಕ್ಕನಿಗೆ?

ಮೇಸ್ತ್ರಿ ನೇರ ಮಾತಿನವನು. ಆದರೆ ಅಂದು ಸುತ್ತಿ ಬಳಸಿ ಬಂದ. "ಅಕ್ಕಾ, ಕವರು ತುಂಬೋ ಕಡೆ ಒಳ್ಳೆ ಗಾಳಿ ಬೆಳಕು ಇದೆ. ನಿನ್ನ ಹಾಗೆ ಕೈ ಸ್ವಚ್ಛ ಇರೋರು ಬೇಕು ಅಲ್ಲಿ."

"ರಟ್ಟು ಮಡಚು ಅಂತೀಯ."

"ಹಂಗಲ್ಲ…"

"ಹಂಗೇ. ಹೇಳು."

"ಗುಡುಗಿನವರು ಮತ್ತೆ ಒಟ್ಟಾಗಿ ಹೊಸದೊಂದು ಮಾಡಿದ್ದಾರೆ. ಅವರ ಕೊನೇದಂತೆ. ಅದೊಂದನ್ನ ನೀನೇ ಕೇಳಿಬಿಡು. ಆಮೇಲೆ ನೋಡೋಣ."

ಆರನೆಯದು ಬೆಂಚಿನ ರೆಕಾರ್ಡು. ಕವರಿನ ಮೇಲೆ ಒಂದು ಬೆಂಚು, ಅದರ ಮೇಲೆ ಮೂವರು ಮುದುಕರು, ಪಕ್ಕದಲ್ಲಿ ನಿಂತ ಇನ್ನೊಬ್ಬ. ಆಕೆ ಕವರು ನೋಡಲಿಲ್ಲ. ಮುಳ್ಳು ಇಳಿಸಿ, ಕಣ್ಣು ಮುಚ್ಚಿ, ಹಿಂಬಾಗಿಲಲ್ಲಿ ಕೂತಳು. ಮೊದಲ ಹಾಡು ಮುಗಿಯಿತು. ಇಲ್ಲ. ಎರಡನೆಯದು. ಇಲ್ಲ. ರೆಕಾರ್ಡಿನ ಮುಖ ತಿರುಗಿಸಿದಳು. ಕೊನೆಯ ಹಾಡಿನ ಕೊನೆಯ ಪೆಟ್ಟು ಬಿದ್ದು, ಕಂಚು ಮೌನಕ್ಕೆ ಇಳಿದು, ಗೆರೆ ಖಾಲಿ ಸುತ್ತಿತು.

ಏನೂ ಇಲ್ಲ.

ನೆಂಟ ಬರಲೇ ಇಲ್ಲವೋ, ಇಲ್ಲ ಬಂದು ಬಾಗಿಲು ತಟ್ಟಿದರೂ ತನಗೆ ಕೇಳಿಸಲಿಲ್ಲವೋ? ತಟ್ಟನೆ ಪಿಟೀಲಿನ ರೆಕಾರ್ಡು ತೆಗೆದು ಹಾಕಿದಳು. ಅಲ್ಲಿ ಬಂದ. ಒಂದು ಗಳಿಗೆ ಸಮಾಧಾನ, ಮರುಗಳಿಗೆಯೇ ಸಂಶಯ. ಎಲ್ಲಿ ಬರುತ್ತಾನೆಂದು ಗೊತ್ತಿದ್ದವಳಿಗೆ ಬರದೇ ಇರುತ್ತಾನೆಯೇ? ಸತ್ತವರ ದನಿಯೂ ನೆನಪಿನಲ್ಲಿ ಕೇಳಿಸುವುದಿಲ್ಲವೇ? ಮೇಸ್ತ್ರಿಯನ್ನು ಕರೆದು ಕೂರಿಸಿದಳು.

"ಕೇಳು. ಈಗ… ಇಲ್ಲಿ!"

"ಎಲ್ಲಿ?"

"ಈಗ ಬಂತಲ್ಲ, ಕಿರ್ರ್ ಅಂತ!"

"ಅಕ್ಕಾ, ನನ್ನ ಕಿವೀಲಿ ಯಾವಾಗ್ಲೂ ಪ್ರೆಸ್ಸು ಓಡ್ತಾನೇ ಇರುತ್ತೆ. ನನ್ನನ್ನ ಸಾಕ್ಷಿ ಕರೀಬೇಡ."

ಸುಮ್ಮನೆ ಹಸಿರು ಚೀಟಿ ಅಂಟಿಸಬಹುದಿತ್ತು. ಒತ್ತಿದ್ದರಲ್ಲಿ ತಪ್ಪಿರಲಿಲ್ಲ, ಧೂಳಿಲ್ಲ, ಗೀರಿಲ್ಲ, ತೂತು ನಟ್ಟನಡುವೆ. ಆದರೆ ಹಸಿರು ಎಂದರೆ 'ಇರುವುದನ್ನೆಲ್ಲ ಕೇಳಿದ್ದೇನೆ' ಎಂದು ಅರ್ಥ. ಕೇಳಿದ್ದೇನೆಯೇ? ಆಕೆಗೆ ತಿಳಿಯದು. ಕುರ್ಚಿ ಹೋದರೆ ಹೋಗಲಿ, ತಿಳಿಯದೆ ಹೋಗುವುದು ಮಾತ್ರ ಬೇಡ ಎನಿಸಿತು. ಕೆಂಪು ಚೀಟಿ ತೆಗೆದು, ಕಾರಣ ಬರೆಯುವ ಜಾಗದಲ್ಲಿ ಬರೆದಳು: 'ಎಲ್ಲ ರೆಕಾರ್ಡಿನಲ್ಲೂ ಹಾಡು ಮುಗಿದ ಮೇಲೆ ಬರುತ್ತಿದ್ದ ಕಿರ್ರ್-ಟಕ್ ಇದರಲ್ಲಿ ಇಲ್ಲ. ಟೇಪಿನಲ್ಲಿ ಇದೆಯೋ ನೋಡಿ ಹೇಳಿ.'

ಮೇಸ್ತ್ರಿ ಓದಿ ಹಣೆ ಚಚ್ಚಿಕೊಂಡ. "ಸದ್ದು ಇದೆ ಅಂತ ಪ್ರೆಸ್ಸು ನಿಲ್ಲಿಸಿದೋರನ್ನ ನೋಡಿದ್ದೀನಿ. ಇಲ್ಲ ಅಂತ ನಿಲ್ಲಿಸೋದು ಲೋಕದಲ್ಲಿ ನೀನೊಬ್ಬಳೇ. ನಾಳೆ ತೂತಿಲ್ಲ ಅಂತ ಕೊಡೆ ವಾಪಸ್ ಮಾಡ್ತೀಯ."

ಆದರೂ ಕೆಂಪು ಚೀಟಿ ಕೆಂಪು ಚೀಟಿಯೇ. ಕಾರಣದ ಸಮೇತ ಅದು ಬ್ಯಾಂಡಿನವರ ಕಡೆಗೆ ಹೋಯಿತು. ಆ ದಿನಗಳಲ್ಲಿ ಮನೆಯಲ್ಲಿ ಅತ್ತೆ ಸಾಸಿವೆ ಡಬ್ಬಿ ಅಲ್ಲಾಡಿಸಿ, "ಇದು ಕೇಳಿಸ್ತಾ?" ಎಂದು ಪರೀಕ್ಷೆ ಮಾಡುತ್ತಿದ್ದಳು. ಗಂಡ ಪಿಸುಮಾತಿನಲ್ಲಿ ಊಟಕ್ಕೆ ಕರೆದು ನೋಡುತ್ತಿದ್ದ. "ಇಬ್ಬರೂ ಸೇರಿ ನನ್ನ ಇದ್ದ ಕಿವೀನೂ ಕೆಡಿಸ್ತೀರ" ಎಂದು ಆಕೆ ರೇಗುತ್ತಿದ್ದಳು.

ಒಂದು ಬೆಳಿಗ್ಗೆ ಮೇಸ್ತ್ರಿ ಏದುಸಿರು ಬಿಡುತ್ತಾ ಕೋಣೆಗೆ ನುಗ್ಗಿದ. "ಅಕ್ಕಾ, ಕೆಡಿಸಿದೆ. ಅವರೇ ಬಂದಿದ್ದಾರೆ. ಟ್ಯಾಕ್ಸೀಲಿ!"

ಹಿಂದೆಯೇ ಬಂದವನು ದೊಡ್ಡ ಆಳು. ಮೀಸೆ ಬೆಳ್ಳಗಾಗಿತ್ತು, ಆದರೆ ದಪ್ಪ ಅಷ್ಟೇ ಇತ್ತು. ಎರಡೂ ಕಿವಿಗೆ ಕೇಳುವ ಯಂತ್ರ. ಕೈಯಲ್ಲೊಂದು ಉದ್ದನೆಯ ಬಟ್ಟೆಯ ಚೀಲ. ಡ್ರಮ್ಮಿನವನು! ಅವನು ಆಕೆಯನ್ನು ನೋಡಿದ, ಗೋಡೆಯ ಕಂಬಳಿ ನೋಡಿದ, ಮತ್ತೆ ಆಕೆಯನ್ನು ನೋಡಿದ.

"ಚೀಟಿ ಬರೆದೋರು ನೀವೇನಾ ತಾಯಿ?"

"ನಾನೇ ಸ್ವಾಮಿ. ತಪ್ಪಾಗಿದ್ರೆ…"

"ಸ್ವಲ್ಪ ಜೋರಾಗಿ ಹೇಳಿ. ಗುಡುಗಿ ಗುಡುಗಿ ನನ್ನ ಕಿವಿ ಹೋಗಿದೆ."

"ತಪ್ಪಾಗಿದ್ರೆ ಹೇಳಿ ಅಂದೆ! ಆ ಸದ್ದು ಟೇಪಲ್ಲಿ ಇತ್ತಾ ಇಲ್ವಾ? ಅದೊಂದು ಹೇಳಿಬಿಡಿ!"

"ಟೇಪು ಹಾಕಿದ್ರೂ ನನಗೆ ಕೇಳಿಸಲ್ಲ ತಾಯಿ. ನಿಮ್ಮ ಚೀಟಿನ ನಮ್ಮ ಮ್ಯಾನೇಜರು ಓದಿದಾಗ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ." ಅವನು ಕುರ್ಚಿಯ ಅಂಚಿನಲ್ಲಿ ಕೂತು ಚೀಲ ಬಿಚ್ಚಿದ.

ಒಳಗಿಂದ ಬಂದದ್ದು ಕಬ್ಬಿಣದ ಎರಡು ಉದ್ದ ಪಟ್ಟಿ. ನಡುನಡುವೆ ಚರ್ಮದ ಬೆಲ್ಟುಗಳು, ಬೆವರು ಕುಡಿದು ಕಪ್ಪಾದವು. ಮಂಡಿ ಬರುವ ಜಾಗದಲ್ಲಿ ಒಂದು ಕೀಲು, ಕೀಲಿನ ಮೇಲೆ ಜಾರುವ ಸಣ್ಣದೊಂದು ಬಳೆ.

"ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೊರಗಿತು. ಇದನ್ನ ಕಟ್ಟಿಕೊಂಡೇ ಬೆಳೆದೆ. ಕೂತಾಗ ಮಂಡಿ ಮಡಚಿರುತ್ತೆ. ಬಾರಿಸಿ ಬಾರಿಸಿ ಕಾಲು ಸೆಳೆದುಬಿಡೋದು. ಹಾಡು ಮುಗಿದ ತಕ್ಷಣ ಮೆಲ್ಲಗೆ ಚಾಚ್ತಿದ್ದೆ. ಆಗ ಈ ಬಳೆ ಜಾರಿ ಕೀಲನ್ನ ಲಾಕ್ ಮಾಡುತ್ತೆ." ಅವನು ಪಟ್ಟಿಯನ್ನು ಮಡಚಿ, ನಿಧಾನವಾಗಿ ಚಾಚಿದ.

ಕಿರ್ರ್… ಟಕ್.

ಆಕೆ ಮೇಜು ಹಿಡಿದುಕೊಂಡಳು. ಅಷ್ಟು ವರ್ಷ ಹೆಡ್‌ಫೋನಿನ ಒಳಗಿದ್ದವನು ಕೋಣೆಯ ನಡುವೆ, ಬೆಳಕಿನಲ್ಲಿ, ಕಬ್ಬಿಣದ ಮೈ ಹೊತ್ತು ಕೂತಿದ್ದ.

"ಅಯ್ಯೋ, ಕೀಲು!" ಎಂದಳು. "ನಮ್ಮೆಜಮಾನ್ರು ಮೊದಲ ದಿನಾನೇ ಹೇಳಿದ್ರು. ಎಣ್ಣೆ ಕಾಣದ ಕೀಲು ಅಂತ."

"ಎಣ್ಣೆ ಬಿಟ್ರೆ ಪ್ಯಾಂಟಿಗೆ ಕಲೆ ಆಗೋದು ತಾಯಿ. ನಮ್ಮ ಬಟ್ಟೆ ಬೇರೆ ಬಿಳೀದು!" ಅವನು ನಕ್ಕ. "ಪ್ಯಾಂಟಿನೊಳಗೆ ಮುಚ್ಚಿಟ್ಟಿದ್ದೆ. ಗುಡುಗಿನಂಥ ಬ್ಯಾಂಡು, ಬಾರಿಸೋನು ಕುಂಟ ಅಂದ್ರೆ ಯಾರು ಕೊಳ್ತಾರೆ ಅಂತ ಆಗ ಹೆದರಿಕೆ. ಬ್ಯಾಂಡಿನೋರಿಗೂ ನನ್ನ ಹೆಂಡತಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ. ಒಂದೊಂದು ರೆಕಾರ್ಡಿನಲ್ಲೂ ನಾನೇ ಹೇಳ್ಕೊಂಡು ಬಂದಿದ್ದೀನಿ ನೋಡಿ."

"ಮತ್ತೆ ಈ ಸಲ?"

ಅವನು ಪ್ಯಾಂಟು ತುಸು ಮೇಲೆತ್ತಿದ. ಒಳಗೆ ತೆಳ್ಳನೆಯ ಬಿಳಿಯ ಪಟ್ಟಿ. "ಈಗ ಪ್ಲಾಸ್ಟಿಕ್ಕಿನದು ಬಂದಿದೆ. ಹಗುರ. ಉಸಿರೂ ಎತ್ತಲ್ಲ. ಇದರಲ್ಲಿ ನಿಂತ್ರೂ ಸೊಟ್ಟ ಕಾಣಲ್ಲ."

ಆಕೆ ಆಗ ಬೆಂಚಿನ ರೆಕಾರ್ಡಿನ ಕವರನ್ನು ಎತ್ತಿ ನೋಡಿದಳು. ಮೂವರು ಕೂತಿದ್ದರು. ನಿಂತಿದ್ದವನು ದಪ್ಪ ಮೀಸೆಯವನು.

ಹಾಗಾದರೆ ನೆಂಟ ಬಂದಿರಲೇ ಇಲ್ಲ. ಆಕೆಯ ಕಿವಿಯ ಬಾಗಿಲು ಮುಚ್ಚಿರಲಿಲ್ಲ. ಆಕೆ ದೀರ್ಘ ಉಸಿರೊಂದನ್ನು ಬಿಡುವಷ್ಟರಲ್ಲಿ ಮೇಸ್ತ್ರಿ ಅಡ್ಡ ಬಾಯಿ ಹಾಕಿದ.

"ತಡಿ ತಡಿ. ಇಲ್ಲದ ಸದ್ದು ಕೇಳಿಸ್ಲಿಲ್ಲ ಅನ್ನೋದೇನು ದೊಡ್ಡ ಸಾಧನೆ ಅಕ್ಕಾ? ಇಲ್ಲದ್ದು ನನಗೂ ಕೇಳಿಸಲ್ಲ."

ಡ್ರಮ್ಮಿನವನು ಗಹಗಹಿಸಿದ. ಮಾತಿನಲ್ಲಿ ನ್ಯಾಯವಿತ್ತು, ಆಕೆಯೂ ಒಪ್ಪಿದಳು. ಪರೀಕ್ಷೆಯಾಗಲಿ ಎಂದು ತೀರ್ಮಾನವಾಯಿತು. ಡ್ರಮ್ಮಿನವನು ಹೊರಗಿನ ಓಣಿಯಲ್ಲಿ ಸ್ಟೂಲು ಹಾಕಿಕೊಂಡು ಕಬ್ಬಿಣ ಹಿಡಿದು ಕೂತ. ಆಕೆ ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತಳು. ಬಾಗಿಲನ್ನು ಒಂದು ಬೆರಳು ಸಂದು ಬಿಟ್ಟು ಮುಂದೆ ಮಾಡಿ, ಅಲ್ಲಿ ಮೇಸ್ತ್ರಿ ಒಂದು ಕಣ್ಣು ಒಳಗೆ ಒಂದು ಕಣ್ಣು ಹೊರಗೆ ಇಟ್ಟು ನಿಂತ. ಆಚೆ ಪ್ರೆಸ್ಸುಗಳು ಉಸ್ಸೆನ್ನುತ್ತಿದ್ದವು.

"ಬಂದ" ಎಂದಳು ಆಕೆ. ಮೇಸ್ತ್ರಿ ತಲೆಯಾಡಿಸಿದ. ಕೊಂಚ ಬಿಟ್ಟು, "ಬಂದ." ಬಹಳ ಹೊತ್ತು ಏನಿಲ್ಲ. ಆಕೆಯೂ ಸುಮ್ಮನಿದ್ದಳು. ಡ್ರಮ್ಮಿನವನು ತನಗೇ ಕೇಳಿಸದ ಸದ್ದನ್ನು ಅಂಗೈಯ ನಡುಕದಿಂದ ಅಳೆಯುತ್ತಾ, ಕಳ್ಳನಂತೆ ಮೆಲ್ಲಗೆ, ಬಲು ಮೆಲ್ಲಗೆ ಚಾಚಿದ.

"ಬಂದ. ಈ ಸಲ ಚಪ್ಪಲಿ ಕಳಚಿ ಬಂದಿದ್ದಾನೆ."

ಮತ್ತೊಂದು ಸಣ್ಣ ಸದ್ದು. ಆಕೆ ತಲೆ ಅಲ್ಲಾಡಿಸಿದಳು. "ಇದು ಅವನಲ್ಲ. ಬಾಗಿಲಿಗೆ ಒರಗಬೇಡ ಮೇಸ್ತ್ರಿ. ಅದಕ್ಕಾದ್ರೂ ಎಣ್ಣೆ ಬಿಡಿಸು."

ಮೇಸ್ತ್ರಿ ಒರಗಿದ್ದ ಹೆಗಲನ್ನು ತಟ್ಟನೆ ಹಿಂದಕ್ಕೆಳೆದುಕೊಂಡ. ಆಮೇಲೆ ಕೋಣೆಗೆ ಬಂದು, ತಲೆ ಕೆರೆದುಕೊಂಡು ಹೇಳಿದ: "ಡಾಕ್ಟರು ಬರೆದದ್ದು ಸುಳ್ಳಲ್ಲ. ಬರೋ ವರ್ಷ ಮತ್ತೆ ನೋಡಿಸೋಣ. ಅಲ್ಲೀವರೆಗೆ… ಕವರು ತುಂಬಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ ಬಿಡು."

ಹೊರಡುವ ಮುಂಚೆ ಡ್ರಮ್ಮಿನವನು ಬಾಗಿಲಲ್ಲಿ ತಿರುಗಿ ನಿಂತ. ಮಗುವಿನಂತೆ ಕುತೂಹಲ ಅವನ ಮುಖದಲ್ಲಿ.

"ನಮ್ಮ ಎಲ್ಲ ರೆಕಾರ್ಡನ್ನೂ ನಿಮ್ಮಷ್ಟು ಕೇಳಿದೋರು ಯಾರೂ ಇಲ್ಲ ತಾಯಿ. ಒಂದು ಹೇಳಿ, ನಿಮಗೆ ಯಾವ ಹಾಡು ಇಷ್ಟ?"

ಆಕೆ ಬೀಗ, ಕುದುರೆ, ಜನರ ಕೂಗು, ಪಿಟೀಲು, ಜಗಳದ ರೆಕಾರ್ಡು, ಎಲ್ಲವನ್ನೂ ಮನಸ್ಸಿನಲ್ಲಿ ತಿರುವಿದಳು. ಎಲ್ಲ ಸಂದುಗಳೂ ನೆನಪಿದ್ದವು. ಒಂದು ಸಾಲೂ ಇಲ್ಲ, ಒಂದು ರಾಗವೂ ಇಲ್ಲ.

"ನಿಜ ಹೇಳ್ತೀನಿ ಸ್ವಾಮಿ, ಬೇಜಾರು ಮಾಡ್ಕೋಬೇ‍ಡಿ. ನಿಮ್ಮ ಹಾಡು ಒಂದನ್ನೂ ನಾನು ಕೇಳಿಲ್ಲ."

ಯಂತ್ರ ಸರಿ ಮಾಡಿಕೊಂಡು ಮತ್ತೊಮ್ಮೆ ಹೇಳಿಸಿಕೊಂಡ ಅವನು. ಆಮೇಲೆ ಗೋಡೆಗೆ ಕೈ ಊರಿ, ಮೀಸೆ ಅದುರುವಂತೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

ಟ್ಯಾಕ್ಸಿ ಹೋಯಿತು. ಅತ್ತೆಗೆ ಹೇಳಬೇಕಾದ ಸುದ್ದಿ ಹೊಟ್ಟೆಯೊಳಗೆ ಕುಣಿಯುತ್ತಿತ್ತು: ಸೋಮಾರಿಯಲ್ಲ ಅತ್ತೆ, ಪಾಪ. ಆದರೆ ಅದಕ್ಕೆ ಮುಂಚೆ ಕೆಂಪು ಚೀಟಿ ಕಿತ್ತು ಹಸಿರು ಅಂಟಿಸಬೇಕು; ಅದಕ್ಕೂ ಮುಂಚೆ, ಕ್ರಮದ ಪ್ರಕಾರ, ಇನ್ನೊಮ್ಮೆ ಪೂರ್ತಿ ಕೇಳಬೇಕು. ಆಕೆ ಬೆಂಚಿನ ರೆಕಾರ್ಡನ್ನು ಒರೆಸಿ ಮುಳ್ಳು ಇಳಿಸಿದಳು. ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿ, ಅಭ್ಯಾಸದಂತೆ ಹಿಂಬಾಗಿಲ ಕಡೆ ಹೋದಳು. ಅಲ್ಲಿ ಕಾಯುವುದಕ್ಕೆ ಯಾರೂ ಇರಲಿಲ್ಲ. ಬರುವವನು ಬರುವುದಿಲ್ಲವೆಂದು ಗೊತ್ತಾದ ಮೇಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದೆನಿಸಿತು. ಮುಂಬಾಗಿಲ ಕಡೆಯಿಂದ ಏನೋ ಸದ್ದು ಬರುತ್ತಿತ್ತಲ್ಲ?

ಮೇಸ್ತ್ರಿ ಬಾಗಿಲು ತಳ್ಳಿದಾಗ ರೆಕಾರ್ಡು ಮುಗಿದು ಗೆರೆ ಖಾಲಿ ಸುತ್ತುತ್ತಿತ್ತು. ಆಕೆಯ ಬೆರಳುಗಳು ಇನ್ನೂ ಮೇಜಿನ ಮೇಲೆ ಮೆಲ್ಲಗೆ ತಟ್ಟುತ್ತಿದ್ದವು.

"ಏನಕ್ಕಾ, ಸರಿ ಇದೆಯಾ? ಪ್ರೆಸ್ಸು ಬಿಡ್ಲಾ?"

ಆಕೆ ಬೆಚ್ಚಿ ಕಣ್ಣು ತೆರೆದು, ಹೆಡ್‌ಫೋನು ಒಂದು ಕಿವಿಯಿಂದ ಸರಿಸಿದಳು.

"ತಡಿ ಮೇಸ್ತ್ರಿ, ಇನ್ನೊಂದು ಸಲ ಹಾಕ್ತೀನಿ. ಈ ಸಲ ಹಾಡು ಕೇಳಿಬಿಟ್ಟೆ."